ಮನ್ಮಥಪ್ಪ ಮಾಡಿದ ಮಾಪಿನ ಗೋಣು

ಬೆಳಗಿನ ಐದೂಕಾಲು. ಮರಾಠಿ ಸೀಮೆಯ ವಾಳೂಜ್ ಕೈಗಾರಿಕಾ ವಸಾಹತಿನ ಒಳರಸ್ತೆಯಲ್ಲಿ ನಾಯಿಗಳೂ ಎದ್ದಿಲ್ಲ. ತಗಡಿನ ಶೆಡ್ಡಿನ ಬಾಗಿಲು ಸರಿಸಿ ಮನ್ಮಥಪ್ಪ ಒಳಗೆ ಹೋಗುತ್ತಾರೆ. ಹಣೆಯ ಮೇಲಿನ ವಿಭೂತಿ ಇನ್ನೂ ಒದ್ದೆ ಇದೆ. ಅಂಗಿಯ ತೋಳು ಮಡಚುತ್ತಲೇ ರಬ್ಬರ್ ಪ್ರೆಸ್ಸಿನ ಹೀಟರ್ ಹಾಕುತ್ತಾರೆ. ಮೇಲೊಂದು ಕೆಳಗೊಂದು ಇರುವ ದಪ್ಪ ಕಬ್ಬಿಣದ ಹಲಗೆಗಳು ನೂರೈವತ್ತು ಡಿಗ್ರಿ ಮುಟ್ಟಲು ಒಂದೂವರೆ ತಾಸು ಬೇಕು. ಏಳು ಗಂಟೆಗೆ ಪಾಳಿಯವರು ಬರುವಷ್ಟರಲ್ಲಿ ಪ್ರೆಸ್ಸು ಕಾದಿರಬೇಕು. ಅದಕ್ಕಾಗಿ ಹದಿನೇಳು ವರ್ಷಗಳಿಂದ ಇವರೊಬ್ಬರೇ ಎಲ್ಲರಿಗಿಂತ ಮೊದಲು ಬರುತ್ತಾರೆ.

ಪ್ರೆಸ್ಸಿಗೆ ಮೀಟರ್ ಇದೆ. ಆದರೂ ಮನ್ಮಥಪ್ಪ ತಂಬಿಗೆಯಿಂದ ಎರಡು ಹನಿ ನೀರು ತೆಗೆದು ಹಲಗೆಯ ಮೇಲೆ ಚಿಮುಕಿಸುತ್ತಾರೆ. ಹನಿ ಚುರ್ ಎಂದು ಕುಣಿದು ಮಾಯವಾಗುತ್ತದೆ. “ಮೀಟರ್ ಒಮ್ಮೊಮ್ಮೆ ಸುಳ್ಳು ಹೇಳ್ತದರಿ. ನೀರು ಹೇಳಂಗಿಲ್ಲ” ಎನ್ನುತ್ತಾರೆ.

ಆಮೇಲೆ ಅಚ್ಚಿನ ನಾಲ್ಕು ಗುಳಿಗಳಲ್ಲಿ ಕಪ್ಪು ರಬ್ಬರಿನ ತುಂಡು ಇಟ್ಟು ಪ್ರೆಸ್ಸು ಮುಚ್ಚಿ, ಗೋಡೆಯ ಗಡಿಯಾರಕ್ಕೆ ಬೆನ್ನು ಮಾಡಿ ನಿಲ್ಲುತ್ತಾರೆ. ಬೇಯಲು ಎಂಟು ನಿಮಿಷ. ನನ್ನ ಜೊತೆ ಊರಿನ ಸುದ್ದಿ ಮಾತಾಡುತ್ತಾರೆ, ನಗುತ್ತಾರೆ, ಒಮ್ಮೆ ಕೆಮ್ಮುತ್ತಾರೆ, ಮಾತಿನ ನಡುವೆಯೇ ತಿರುಗಿ ಪ್ರೆಸ್ಸು ತೆರೆಯುತ್ತಾರೆ. ನಾನು ಕಳ್ಳತನದಿಂದ ಮೊಬೈಲಿನಲ್ಲಿ ನೋಡಿಕೊಳ್ಳುತ್ತಿದ್ದೆ. ಎಂಟು ನಿಮಿಷದ ಮೇಲೆ ಎರಡೇ ಸೆಕೆಂಡು! ಮನೆಯಲ್ಲಿ ಕುಕ್ಕರಿನ ಸೀಟಿ ಮೂರಾಯಿತೋ ನಾಲ್ಕಾಯಿತೋ ಎಂದು ದಿನವೂ ಗಂಡನನ್ನು ಕೇಳುವವಳು ನಾನು. ನಾಚಿಕೆಯಾಯಿತು. ಶೆಡ್ಡಿನ ಉಳಿದ ಹುಡುಗರು ಚಹಾದ ಹೊತ್ತನ್ನೂ ಇವರ ಮುಖ ನೋಡಿಯೇ ತಿಳಿಯುತ್ತಾರಂತೆ.

ಅಚ್ಚಿನಿಂದ ಹೊರಬಂದದ್ದು ಗೇಣುದ್ದದ ಒಂದು ರಬ್ಬರ್ ಸಾಮಾನು. ನಡುವೆ ಬಳೆಬಳೆಯಾಗಿ ಮಡಿಕೆ. ಒಂದು ತುದಿಯ ತೂತಿಗೆ ನೆಲ ಒರೆಸುವ ಕೋಲು ಸಿಕ್ಕುತ್ತದೆ, ಇನ್ನೊಂದು ತುದಿ ಮಾಪಿನ ಬಟ್ಟೆಯ ತಲೆಯನ್ನು ಕಚ್ಚಿ ಹಿಡಿಯುತ್ತದೆ. ಬೇಕಾದ ಕಡೆ ಬಾಗುತ್ತದೆ, ಬಿಟ್ಟರೆ ಸೆಟೆದು ನಿಲ್ಲುತ್ತದೆ. ಬಿಲ್ಲಿನ ಮೇಲೆ ಇದಕ್ಕೆ ಏನೋ ಉದ್ದನೆಯ ಹೆಸರಿದೆ. ಮನ್ಮಥಪ್ಪ ಮಾತ್ರ ಗೋಣು ಎನ್ನುತ್ತಾರೆ. ದಿನಕ್ಕೆ ನೂರಾ ಅರವತ್ತು, ಕರೆಂಟು ಕೈ ಕೊಡದಿದ್ದರೆ ನೂರಾ ಎಪ್ಪತ್ತು ಗೋಣು ಅವರ ಕೈಯಿಂದ ಹೊರಬೀಳುತ್ತವೆ. ಅಂಚಿನಲ್ಲಿ ಉಕ್ಕಿದ ರಬ್ಬರನ್ನು ಕತ್ತರಿಯಿಂದ ಸವರುವುದೂ ಅವರೇ.

ಈ ಗೋಣನ್ನು ನಾನು ಮೊದಲು ನೋಡಿದ್ದು ನಾಶಿಕದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ, ಮೂರು ವರ್ಷದ ಹಿಂದಿನ ಜೂನ್‌ನಲ್ಲಿ. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಬೆನ್ನು ಹಿಡಿದುಕೊಂಡು ಒಂಬತ್ತು ದಿನ ಅಲ್ಲಿ ಮಲಗಿದ್ದರು. ನೆಲ ಒರೆಸಲು ಬರುತ್ತಿದ್ದ ಹೆಂಗಸು ಮರಾಠಿಯಲ್ಲಿ “ಪಾಯ ವರ ಘ್ಯಾ” ಎಂದು ನನ್ನ ಕಾಲು ಎತ್ತಿಸಿದಳು. ಮರುಕ್ಷಣ ಬಕೆಟ್ಟು ಮಂಚಕ್ಕೆ ಬಡಿದು ನೀರು ಚೆಲ್ಲಿತು. “ಇದರ ಮನಿ ಹಾಳಾಗ್ಲಿ!” ಎಂದು ಶುದ್ಧ ಕನ್ನಡದಲ್ಲಿ ಬೈದಳು. ನಾನು ನಕ್ಕುಬಿಟ್ಟೆ. ಊರ ಕಡೆಯ ಬೈಗುಳ ಕೇಳಿ ಎಷ್ಟು ವರ್ಷವಾಗಿತ್ತೋ!

ಅವರೇ ಗುಂಡವ್ವ, ಮನ್ಮಥಪ್ಪನವರ ಅಕ್ಕ. ನಿಂತಲ್ಲಿಂದಲೇ ಮಾಪನ್ನು ಮಂಚದ ಅಡಿಗೆ ತೂರಿಸಿ, ಅದು ಹಾವಿನ ಹಾಗೆ ಬಾಗಿ ಮೂಲೆ ಮುಟ್ಟುವುದನ್ನು ನನಗೆ ಎರಡೆರಡು ಸಲ ತೋರಿಸಿದರು. “ನಮ್ ತಮ್ಮ ಮಾಡ್ಯಾನ ತಂಗಿ. ವಾಳೂಜದಾಗ ಇರ್ತಾನ. ಮದಲ ಕಬ್ಬಿಣದ ಕ್ಲಿಪ್ಪಿಂದು ಇತ್ತು, ಒಟ್ಟ ಬಾಗ್ತಿರ್ಲಿಲ್ಲ. ದಿನಾ ಮೊಣಕಾಲ ಊರಿ ಮಂಚದ ಬುಡಕ ಹೋಗ್ತಿದ್ದೆ” ಎಂದರು. ತಮ್ಮನ ಕಾರ್ಖಾನೆಯ ಹೆಸರನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಬರೆದದ್ದಷ್ಟೇ. ಬಸ್ಸು ಹತ್ತಿ ವೈಜಾಪುರ, ಗಂಗಾಪುರ ದಾಟಿ ಇಲ್ಲಿಗೆ ಬರಲು ನನಗೆ ಮೂರು ವರ್ಷ ಹಿಡಿಯಿತು. ಆಗಲೇ ಬಂದಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು.

ಮನ್ಮಥಪ್ಪ ಆಳಂದ ತಾಲ್ಲೂಕಿನವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಅವ್ವ ತೀರಿಕೊಂಡಾಗ ಇವರಿಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. “ನನ್ನ ತಲಿಗಿ ಎಣ್ಣಿ ಹಚ್ಚಿ, ಸಾಲಿಗಿ ಕಳಸ್ದಾಕಿ ಆಕಿನೇರಿ” ಎನ್ನುತ್ತಾರೆ. ಗುಂಡವ್ವ ಮದುವೆಯಾಗಿ, ಗಂಡ ರಸ್ತೆ ಕೆಲಸಕ್ಕೆಂದು ನಾಶಿಕದ ಹತ್ತಿರದ ಘೋಟಿಯ ಕಡೆ ಬಂದಾಗ ಅವನ ಜೊತೆ ಬಂದರು. ಆಮೇಲೆ ನಾಶಿಕದಲ್ಲೇ ನಿಂತರು. ಅಕ್ಕ ಇದ್ದಾಳೆಂಬ ಧೈರ್ಯದಿಂದ ತಮ್ಮನೂ ಈ ಸೀಮೆಗೆ ಬಂದು ವಾಳೂಜ್‌ನಲ್ಲಿ ಗುತ್ತಿಗೆ ಕೂಲಿಯಾದರು. ಕಸ ಹೊಡೆಯುವುದರಿಂದ ಶುರುಮಾಡಿ ಪ್ರೆಸ್ಸಿನ ಮುಂದೆ ನಿಲ್ಲಲು ನಾಲ್ಕು ವರ್ಷ ಹಿಡಿಯಿತು.

ಈ ಕೆಲಸ ಸುಲಭದ್ದಲ್ಲ. ಮೊಣಕೈವರೆಗೆ ಸುಟ್ಟ ಕಲೆಗಳಿವೆ. ಗಂಧಕದ ವಾಸನೆ ಎಷ್ಟು ಸಾಬೂನು ಹಾಕಿದರೂ ಹೋಗುವುದಿಲ್ಲ. ಹೆಂಡತಿ ಲಕ್ಷ್ಮವ್ವ ಇವರ ಬಟ್ಟೆಗೆ ಬೇರೆ ಬಕೆಟ್ಟು ಇಟ್ಟಿದ್ದಾರೆ. ದಿನಕ್ಕೆ ತಾಸುಗಟ್ಟಲೆ ಕರೆಂಟು ಹೋಗುತ್ತಿದ್ದ ವರ್ಷಗಳಲ್ಲಿ ಅಚ್ಚಿನೊಳಗಿನ ಮಾಲು ಅರ್ಧಂಬರ್ಧ ಬೆಂದು ಹಾಳಾಗುತ್ತಿತ್ತು, ಬೈಗುಳ ಇವರ ಪಾಲಿಗೆ ಬರುತ್ತಿತ್ತು.

ಗೋಣು ಹುಟ್ಟಿದ್ದು 2009ರಲ್ಲಿ. ಒಂದು ಸಲ ನಾಶಿಕಕ್ಕೆ ಹೋದಾಗ, ಬಾಗದ ಮಾಪು ಹಿಡಿದು ಹಿಡಿದು ಅಕ್ಕನ ಮಣಿಕಟ್ಟು ಬಾತು ಕಟ್ಟಿಗೆಯಂತಾಗಿತ್ತು. ರೊಟ್ಟಿ ಬಡಿಯಲೂ ಆಗದೆ ತಟ್ಟೆಯಲ್ಲಿ ಅನ್ನ ಹಾಕಿಕೊಟ್ಟರಂತೆ. “ನಮ್ಮನ್ಯಾಗ ರೊಟ್ಟಿ ಇಲ್ದ ಊಟ ಅಂದ್ರ ನೀವೇ ತಿಳ್ಕೋರಿ” ಎನ್ನುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಚಿಂತೆ. ಆಗ ಪ್ರೆಸ್ಸಿನಲ್ಲಿ ಮೋಟಾರ್‌ಸೈಕಲ್ಲಿಗೆ ಹಾಕುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆ ಮಾಡುತ್ತಿದ್ದರು. ಅದರ ಮಡಿಕೆ ಬಾಗುವುದನ್ನು ದಿನವೂ ನೋಡಿದ್ದ ಕಣ್ಣು. ಒಂದು ಹಳೆಯ ಅಚ್ಚನ್ನು ಕೊರೆದು, ಉಳಿದ ಚೂರುಪಾರು ರಬ್ಬರಿನಿಂದ ಒಂದು ಮಾಡಿದರು. ಅದು ತೀರಾ ಮೆತ್ತಗಾಗಿ ಮಾಪು ಜೋತುಬಿತ್ತು. ಎರಡನೆಯದು ಕಲ್ಲು. ಮೂರನೆಯದನ್ನು ಅಕ್ಕ ನಾಲ್ಕು ದಿನ ಹಿಡಿದು ಫೋನು ಮಾಡಿದರು, “ತಮ್ಮಾ, ಕೈ ನನ್ನ ಕೈ ಆಯ್ತೋ.”

ಅಕ್ಕನದು ನೋಡಿ ಆ ಮಹಡಿಯ ಉಳಿದ ಐವರು ಹೆಂಗಸರೂ ಕೇಳಿದರು. ಅವರಿಗೂ ಮಾಡಿಕೊಟ್ಟರು. ಆಸ್ಪತ್ರೆಯ ಸಫಾಯಿ ಗುತ್ತಿಗೆದಾರನ ಕಣ್ಣಿಗೆ ಅದು ಬಿತ್ತು. ಅವನು ಮಾಲು ಬೇಕೆಂದ. ಶೆಡ್ಡಿನ ಮಾಲೀಕ ಮಧುಕರ ಅವರು ಖುಷಿಯಿಂದ ಮನ್ಮಥಪ್ಪನವರನ್ನು ಕಾರಿನಲ್ಲಿ ಕೂರಿಸಿಕೊಂಡು ನಾಶಿಕಕ್ಕೆ ಹೋದರು. 2010ರ ಸೆಪ್ಟೆಂಬರ್ ಅದು. ಕಾರಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು ಎಂದು ಮನ್ಮಥಪ್ಪ ಹೇಳುತ್ತಾರೆ, ಹೇಳುವಾಗ ನೆಲ ನೋಡುತ್ತಾರೆ.

ಗುತ್ತಿಗೆದಾರನ ಮುಂದೆ ವಾರ್ಡು ಒರೆಸಿ ತೋರಿಸಿದವರು ಗುಂಡವ್ವನೇ. ತಮ್ಮ ಮಾಡಿದ ವಸ್ತು, ತಮ್ಮ ಅಲ್ಲೇ ನಿಂತಿದ್ದಾನೆ. ಯಾವ ಅಕ್ಕ ಸುಮ್ಮನಿರುತ್ತಾಳೆ? ಸೆರಗು ಸಿಕ್ಕಿಸಿ, ಹದಿನೆಂಟು ಮಂಚದ ಅಡಿಯನ್ನೂ ಹುರುಪಿನಿಂದ ಒರೆಸಿದರು. ಮುಗಿದ ಮೇಲೆ ಗುತ್ತಿಗೆದಾರ ಮನ್ಮಥಪ್ಪನವರನ್ನು ಕೇಳಿದ, ಇದರಿಂದ ಏನು ಪ್ರಯೋಜನ?

“ಕೈ ನೋಯಂಗಿಲ್ಲ ಅನ್ಬೇಕಿತ್ತು ನಾ. ಅದಕ್ಕೇ ಅಲ್ರಿ ಮಾಡಿದ್ದು? ಆದ್ರ ನನ್ನ ಬಾಯಿಗಿ ಬಂದಿದ್ದು ನಿಮಿಷ. ಹಳೀದ್ರಾಗ ಇಷ್ಟು ನಿಮಿಷ, ಇದ್ರಾಗ ಇಷ್ಟೇ ನಿಮಿಷ ಅಂತ ಠಸ್ಸಿ ಹೊಡದಂಗ ಹೇಳ್ಬಿಟ್ಟೆ. ಯಾರೂ ಗಡಿಯಾರ ನೋಡಿರ್ಲಿಲ್ರಿ ಅಲ್ಲಿ. ನಾನೊಬ್ಬನೇ ಎಣಿಸಿದ್ದೆ. ಎಣಸ್ಬೇಕಂತ ಎಣಸ್ಲಿಲ್ಲ. ಪ್ರೆಸ್ಸಿನ ಮುಂದ ನಿಂತು ನಿಂತು ಅದೊಂದು ರೋಗ ಆಗ್ಯಾದ.”

ಎಷ್ಟು ನಿಮಿಷ ಎಂದು ನನಗೂ ಹೇಳಿದರು. ಪೇಪರಿನಲ್ಲಿ ಹಾಕಬೇಡಿ ಎಂದೂ ಹೇಳಿದರು. ಹಾಕುವುದಿಲ್ಲ. ಕೆಲಸ ಬಹಳ ಬೇಗ ಮುಗಿಯಿತು ಎಂದಷ್ಟೇ ತಿಳಿಯಿರಿ. ಗುತ್ತಿಗೆದಾರ ತಲೆಯಾಡಿಸಿ, ಬೆನ್ನು ತಟ್ಟಿ, ಮಾಲಿಗೆ ಆರ್ಡರು ಕೊಟ್ಟ. ಮುಂದಿನ ವಾರವೇ ಆ ಮಹಡಿಗೆ ಆರು ಹೆಂಗಸರ ಬದಲು ನಾಲ್ವರು ಸಾಕೆಂದ. ಹೆಚ್ಚು ವಯಸ್ಸಾದವರನ್ನು ಮೊದಲು ತೆಗೆದರು. ಗುಂಡವ್ವನಿಗೆ ಆಗ ಐವತ್ತನಾಲ್ಕು. ಹನ್ನೊಂದು ವರ್ಷದ ಕೆಲಸ ಒಂದು ಶನಿವಾರ ಮುಗಿದುಹೋಯಿತು.

ಮನ್ಮಥಪ್ಪ ಸುಮ್ಮನೆ ಕೂರಲಿಲ್ಲ. ಮಾಲೀಕರ ಕಾಲು ಹಿಡಿದು ಗುತ್ತಿಗೆದಾರನಿಗೆ ಫೋನು ಮಾಡಿಸಿದರು. ತಾನು ಎಣಿಸಿದ್ದು ತಪ್ಪು, ಅಷ್ಟು ಬೇಗ ಆಗುವುದಿಲ್ಲ ಎಂದು ಸುಳ್ಳು ಹೇಳಿದರು. ಅಷ್ಟರಲ್ಲಿ ಗುತ್ತಿಗೆದಾರ ತಾನೇ ಗಡಿಯಾರ ಹಿಡಿದು ನೋಡಿಯಾಗಿತ್ತು.

ಮಧುಕರ ಅವರು ಕೆಟ್ಟವರಲ್ಲ. ನನಗೆ ಚಹಾ ತರಿಸಿದರು, ಮನ್ಮಥಪ್ಪನವರನ್ನು ಬಾಯಿ ತುಂಬ ಹೊಗಳಿದರು. ಗೋಣಿನ ಪೊಟ್ಟಣದ ಮೇಲೆ ‘ಅರ್ಧ ವೇಳೆಯಲ್ಲಿ ಕೆಲಸ’ ಎಂದು ಮರಾಠಿಯಲ್ಲಿ ಅಚ್ಚಾಗಿದೆ. ಅದನ್ನು ತೆಗೆದು ‘ಮಣಿಕಟ್ಟು ನೋಯುವುದಿಲ್ಲ’ ಎಂದು ಹಾಕಿಸಿ ಎಂದು ಮನ್ಮಥಪ್ಪ ಪ್ರತಿ ದಸರೆಗೆ ಕೇಳುತ್ತಾರಂತೆ. ನಾನೂ ಕೇಳಿದೆ. ಮಧುಕರ ಅವರು ನಕ್ಕು, “ಮೇಡಂ, ಮಾಪು ಕೊಳ್ಳುವವರು ಬೇರೆ, ಹಿಡಿಯುವವರು ಬೇರೆ. ಕೊಳ್ಳುವವನ ಮಣಿಕಟ್ಟು ಎಲ್ಲಿ ನೋಯುತ್ತದೆ?” ಎಂದರು.

ಮೂರು ವರ್ಷದಿಂದ ಮನ್ಮಥಪ್ಪ ನಾಶಿಕಕ್ಕೆ ಹೋಗಿಲ್ಲ. ಅಕ್ಕನ ಮಗನಿಗೆ ಫೋನು ಮಾಡಿ ಕ್ಷೇಮ ಕೇಳುತ್ತಾರೆ, ಅಕ್ಕನ ಕೈಗೆ ಫೋನು ಕೊಡುವ ಮೊದಲೇ ಇಟ್ಟುಬಿಡುತ್ತಾರೆ. “ಯಾವ ಮಾರಿ ತಗೊಂಡು ಹೋಗ್ಲಿರಿ? ಆಕಿ ನನ್ನ ಸಾಕಿದ್ಳು. ನಾ ಆಕಿ ಅನ್ನ ಕಸ್ಕೊಂಡೆ. ಸಿಟ್ಟು ಇರ್ಲಾರ್ದ ಇರ್ತದೇನು?” ಎಂದವರು ನನಗೆ ವಿಳಾಸ ಬರೆದುಕೊಟ್ಟರು. ನೀವು ನಾಶಿಕದವರು, ಹೋಗಿ ಒಮ್ಮೆ ನೋಡಿ ಬನ್ನಿ, ಹೇಗಿದ್ದಾಳೆ ಹೇಳಿ ಎಂದರು.

ಹೋದೆ. ಸಾತಪುರದ ಹಿಂದಿನ ಗಲ್ಲಿಯಲ್ಲಿ ಗುಂಡವ್ವ ಸಿಕ್ಕರು. ಈಗ ಈರುಳ್ಳಿ ಆರಿಸುವ ಕೆಲಸಕ್ಕೆ ಪಿಂಪಳಗಾಂವ್ ಕಡೆ ಹೋಗುತ್ತಾರೆ, ಬೆಳಿಗ್ಗೆ ಆರಕ್ಕೆ ಟೆಂಪೋ ಬರುತ್ತದೆ. ನನ್ನ ಗುರುತು ಹಿಡಿದು, “ನಿನ್ನ ಗಂಡನ ಬೆನ್ನು ನೆಟ್ಟಗಾಯ್ತೇನು ತಂಗಿ?” ಎಂದು ಕೇಳಿದರು. ಕುಡಿಯಲು ಮಜ್ಜಿಗೆ ಕೊಟ್ಟರು. ನಾನು ಅಳುಕುತ್ತ ತಮ್ಮನ ಮಾತು ತೆಗೆದೆ. ನಿಮ್ಮ ಕೆಲಸ ಹೋದದ್ದಕ್ಕೆ ಅವರು ತುಂಬ ನೊಂದುಕೊಂಡಿದ್ದಾರೆ, ನೀವು ಸಿಟ್ಟಾಗಿದ್ದೀರಿ ಎಂದು ಬರಲು ಹೆದರುತ್ತಾರೆ ಎಂದೆ.

ಗುಂಡವ್ವ ನನ್ನನ್ನೇ ದಿಟ್ಟಿಸಿದರು. “ಕೆಲ್ಸಕ್ಕ ಸಿಟ್ಟೇನು? ಅದು ಇವತ್ತಿಲ್ಲ ನಾಳಿ ಹೋಗ್ತಿತ್ತು, ಬಿಡು. ನನ್ನ ಕೈ ಉಳಿಸ್ಯಾನ ಅಂವ. ಅದೇ ಕೈಲಿ ಈಗ ಉಳ್ಳಾಗಡ್ಡಿ ಆರಿಸ್ತೀನಿ. ಸಿಟ್ಟು ಬ್ಯಾರೆ ಅದ.” ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಸುರಿದು ಹೇಳಿದರು. “ನಾಗರಪಂಚಮಿಗಿ ತವರಿಂದ ಕರೀಲಾಕ ಬರ್ಬೇಕಲ್ಲ? ಅವ್ವ ಇಲ್ಲ, ಅಪ್ಪ ಇಲ್ಲ. ತವರು ಅಂದ್ರ ನನಗ ಅಂವನೇ. ಮೂರು ಪಂಚಮಿ ಆಯ್ತು. ಮೂರೂ ಸಲ ಸೀರಿ ಗಂಟು ಕಟ್ಟಿ ಬಾಗ್ಲದಾಗ ಕುಂತಿನಿ. ಓಣ್ಯಾನವರು ಕೇಳ್ತಾರ, ಏನ ಹೇಳ್ಲಿ?”

ದೀಪಾವಳಿಗೆ ತಮ್ಮಂದಿರು ಅಕ್ಕಂದಿರ ಮನೆಗೆ ಹೋಗುವ ಭಾವುಬೀಜ ಬರುತ್ತದಲ್ಲ, ಆಗ ಬರಹೇಳಲೇ ಎಂದೆ. “ಅದು ಈ ಕಡಿ ಮಂದಿದು. ನಮ್ದು ಪಂಚಮಿ. ಬಂದ್ರ ಪಂಚಮಿಗೇ ಬರ್ಲಿ” ಎಂದು ಖಡಾಖಂಡಿತ ಹೇಳಿ, ಲೋಟ ತೆಗೆದುಕೊಂಡು ಒಳಗೆ ಹೋದರು. ಹಟ ಎಂದರೆ ಹಟ. ಈ ವರ್ಷದ ಪಂಚಮಿ ಕಳೆದು ಇನ್ನೂ ತಿಂಗಳಾಗಿರಲಿಲ್ಲ. ಒಂದು ತಿಂಗಳು ಮುಂಚೆ ವಾಳೂಜಿಗೆ ಹೋಗಿದ್ದರೆ ಎಂದು ನನ್ನನ್ನೇ ನಾನು ಶಪಿಸಿಕೊಂಡೆ.

ಸಂಜೆ ಮನ್ಮಥಪ್ಪನವರಿಗೆ ಫೋನು ಮಾಡಿ, ಅಕ್ಕ ಹೇಳಿದ್ದನ್ನು ಹಾಗೆಯೇ ಹೇಳಿದೆ.

ಅವರೆಂದರು, “ಪಂಚಮಿ ಹೋಗಿ ಇವತ್ತಿಗಿ ಇಪ್ಪತ್ತಮೂರು ದಿನ. ಆ ದಿನ ಸೂಟಿ ಹಾಕಿ ಸ್ಟ್ಯಾಂಡಿಗಿ ಹೋಗಿದ್ದೆ ಮೇಡಂ. ಆಕಿಗಿ ಸೀರಿ ತಗೊಂಡಿದ್ದೆ. ನಾಶಿಕ್ ಗಾಡಿ ನಿಂತಿತ್ತು. ಬಾಗ್ಲದಾಗಿನ ಕಂಬಿ ಹಿಡ್ದೆ, ಕಾಲು ಮ್ಯಾಲ ಏಳ್ಲಿಲ್ಲ. ಗಾಡಿ ಹೋಯ್ತು. ಮೂರು ವರ್ಸನೂ ಹಿಂಗೇ ಮಾಡೀನ್ರಿ. ಮೂರು ಸೀರಿ ಟ್ರಂಕಿನಾಗ ಅವ.”

ಇದನ್ನು ಅಕ್ಕನಿಗೆ ಹೇಳಲೇ ಎಂದು ಕೇಳಿದೆ.

“ಬ್ಯಾಡ್ರಿ. ನೀವು ಬೇಕಾದ್ರ ಪೇಪರಿನಾಗ ಬರೀರಿ, ಆಕಿಗಿ ಓದ್ಲಾಕ ಬರಂಗಿಲ್ಲ. ಇನ್ನಾ ಹನ್ನೊಂದು ತಿಂಗಳು ಅದ. ಮುಂದಿನ ಪಂಚಮಿಗಿ ಗಂಟು ಕಟ್ಟಿಡು, ಬರ್ತಾನ ಅಂತ ಅಷ್ಟೇ ಹೇಳ್ರಿ.”