ಟೆರೇಸಿನ ಮೇಲಿನ ಸೀಗಡಿ

ನಾವು ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದಾಗ ಕೆಳಗಿನ ಮನೆಗೆ ಉತ್ತರ ಕನ್ನಡದ ಕಡಲತೀರದ ಒಬ್ಬ ನರ್ಸ್ ಬಂದಳು. ಕೆಲವು ತಿಂಗಳಿಗೆ ಅವಳ ತಾಯಿಯೂ ಬಂದು ಸೇರಿಕೊಂಡರು.

ಒಂದು ಭಾನುವಾರ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ, ನೀರಿನ ಟ್ಯಾಂಕಿನ ಪಕ್ಕ ಹಳೆಯ ಸೀರೆ ಹಾಸಿ ಆ ತಾಯಿ ಸೀಗಡಿ ಹರಡುತ್ತಿದ್ದರು. ತಿಲಕ್ ನಗರದ ಮಾರ್ಕೆಟ್ಟಿನಿಂದ ತಂದದ್ದಂತೆ. ನಮ್ಮದು ಮೀನು ಮುಟ್ಟದ ಮನೆ. ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಬಕೆಟ್ ಕಂಡದ್ದೇ ಅವರು ಸೀರೆಯನ್ನು ಮೂಲೆಗೆ ಎಳೆದುಕೊಂಡರು.

"ಅಂಗಡೀಲೇ ಒಣಗಿದ್ದು ಸಿಗುತ್ತಲ್ಲಮ್ಮ?" ಎಂದೆ.

"ಸಿಗ್ತದೆ. ಆದ್ರೆ ಕೈ ಸುಮ್ನೆ ಕೂರೂದಿಲ್ಲ ತಂಗಿ."

ಆಮೇಲೆ ತಾವಾಗಿಯೇ ಹೇಳಿದರು. ಊರಲ್ಲಿ ಅವರ ಕಸುಬೇ ಇದು. ದೋಣಿಯಿಂದ ಇಳಿದ ಮೀನನ್ನು ಹೆಂಗಸರೆಲ್ಲ ದಂಡೆಯ ಮರಳಿನಲ್ಲೇ ಒಣಗಿಸುತ್ತಿದ್ದರು. ಜಾಗ ಯಾರದೂ ಅಲ್ಲ, ಆದರೆ ಯಾರು ಎಲ್ಲಿ ಹರಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲೊಂದು ರೆಸಾರ್ಟ್ ಬಂತು. ವಾಸನೆ ಬರುತ್ತದೆಂದು ಮೊದಲು ಹಗ್ಗ ಕಟ್ಟಿದರು, ಆಮೇಲೆ ತಂತಿಬೇಲಿ, ಕೊನೆಗೆ ಗೋಡೆ. ಹೆಂಗಸರು ಡಾಂಬರು ರಸ್ತೆಯ ಬದಿಗೆ ಬಂದರು. ಧೂಳು ಹತ್ತಿದ ಮೀನನ್ನು ಯಾರೂ ಕೊಳ್ಳಲಿಲ್ಲ. ಇವರು ಬುಟ್ಟಿ ಕವುಚಿಟ್ಟು ಮಗಳ ಮನೆಗೆ ಬಂದಿದ್ದರು.

ಎರಡನೇ ಭಾನುವಾರ ಆ ತಾಯಿ ಸೀಗಡಿ ಹರಡುತ್ತಿದ್ದಾಗಲೇ, ವಾಸನೆಯೆಂದು ಮನೆ ಓನರ್ ಮೇಲೆ ಬಂದರು.

"ಮೇಡಂ, ನೀವು ಪ್ಯೂರ್ ವೆಜ್. ನಿಮಗೇ ತೊಂದ್ರೆ ಆಗ್ತಿಲ್ವಾ?"

"ಆಗುತ್ತೆ ಸಾರ್. ಆ ಹೊತ್ತಲ್ಲಿ ಕಿಟಕಿ ಹಾಕ್ಕೋತೀನಿ."

"ಟೆರೇಸ್ ಎಲ್ಲರ್ಗೂ ಸೇರಿದ್ದಲ್ವಾ?"

"ಅವರೂ ಬಾಡಿಗೆ ಕೊಡ್ತಾರಲ್ಲ ಸಾರ್."

ಅವರು ಗೊಣಗಿಕೊಂಡೇ ಒಪ್ಪಿದರು. ಆದರೆ ಮುಂದಿನ ವಾರ ಆ ತಾಯಿ ಟೆರೇಸಿಗೆ ಬರಲೇ ಇಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ.

"ವಾಸನೆ ಅನ್ನೋ ಮಾತು ಅಲ್ಲೂ ಕೇಳಿ ಬಂದೆ ತಂಗಿ. ಇಲ್ಲೂ ಬೇಡ."

ಕೆಲವೇ ದಿನಗಳಲ್ಲಿ ಊರಿನ ಹೆಂಗಸರು ಆ ತಾಯಿಗೆ ಫೋನ್ ಮಾಡಿದರು. ಎಲ್ಲರೂ ರೆಸಾರ್ಟಿನ ಗೇಟಿನ ಮುಂದೆ ಕೂರುವುದೆಂದು ಮಾತಾಗಿತ್ತು. ಇವರು ಅಂದೇ ಬಸ್ಸು ಹತ್ತಿದರು. ವಾರಗಟ್ಟಲೆ ಕೂತರಂತೆ, ಪಂಚಾಯ್ತಿಗೂ ಅಲೆದರಂತೆ. ಹಳೆಯ ಜಾಗ ಸಿಗಲಿಲ್ಲ. ರೆಸಾರ್ಟಿನವರು ಗೋಡೆಯ ಪಕ್ಕದಲ್ಲಿ ಒಂದು ಓಣಿ ಬಿಟ್ಟುಕೊಟ್ಟರು. ಅದರಾಚೆ ಉಳಿದ ಮರಳಿನ ಪಟ್ಟಿಯಲ್ಲಿ ಒಣಗಿಸಬಹುದು, ನೀರು ಏರುವ ಮುನ್ನ ಎಲ್ಲ ಬಾಚಿಕೊಳ್ಳಬೇಕು.

ಕಳೆದ ಬೇಸಿಗೆಯಲ್ಲಿ ಅವರ ಮಗಳ ಜೊತೆ ನಾನೂ ಅಲ್ಲಿಗೆ ಹೋದೆ. ಬೆಳಿಗ್ಗೆ ಆ ತಾಯಿ ಬುಟ್ಟಿ ಹೊತ್ತು ಮುಂದೆ, ನಾವಿಬ್ಬರೂ ಹಿಂದೆ. ಹೂಕುಂಡಗಳಿಟ್ಟ ರೆಸಾರ್ಟಿನ ದೊಡ್ಡ ಗೇಟಿನ ಮುಂದೆ ಹಾದುಹೋಗುವಾಗ ಸೆಕ್ಯೂರಿಟಿಯವನು ನನ್ನನ್ನೊಬ್ಬಳನ್ನೇ ನೋಡಿ, "ಮೇಡಂ, ಬೀಚಿಗೆ ಈ ಕಡೆಯಿಂದ ಬನ್ನಿ" ಎಂದು ಗೇಟು ತೆರೆದ.

"ನಾನು ಇವರ ಜೊತೆ ಬಂದಿದೀನಿ" ಎಂದೆ.

ಅವನು ಅವರತ್ತ ನೋಡಿ ಗೇಟು ಮುಚ್ಚಿದ. ಆ ತಾಯಿ ತಿರುಗಲಿಲ್ಲ. ಓಣಿ ಎಷ್ಟು ಕಿರಿದೆಂದರೆ ಅವರು ಬುಟ್ಟಿಯನ್ನು ತಲೆಯಿಂದ ಇಳಿಸಿ, ಎದೆಗೆ ಓರೆಯಾಗಿ ಹಿಡಿದು ಅಡ್ಡಡ್ಡ ನಡೆಯಬೇಕಾಯಿತು. ಬುಟ್ಟಿಯ ಇನ್ನೊಂದು ಕಡೆಯನ್ನು ನಾನು ಹಿಡಿದುಕೊಂಡೆ.