ರುದ್ರಣ್ಣನವರ ಬಿಪಿ ಚೌಕಾಸಿ

ಗೆಳೆಯರೇ, ಬಿಪಿಗೂ ಚೌಕಾಸಿ ಮಾಡುವವರನ್ನು ಕಂಡಿದ್ದೀರಾ? ನಾನು ಇವತ್ತು ಕಡೂರಿನಲ್ಲಿ ಕಂಡೆ.

ಡಿಗ್ರಿ ಮುಗಿಸಿ ಪಬ್ಲಿಕ್ ಹೆಲ್ತ್ ಎಂಎಸ್ಸಿಗೆ ಸೇರುವ ಆಸೆ ನನ್ನದು. ಅರ್ಜಿಯ ಜೊತೆ ಕೊಡಲು ಊರವರ ಬಿಪಿ ಸರ್ವೆ ಮಾಡುತ್ತಿದ್ದೇನೆ. ಇನ್ನೂ ಮೂವತ್ತು ಜನ ಬೇಕು. ಕೊಬ್ಬರಿ ಮಂಡಿಯ ರುದ್ರಣ್ಣನವರ ತೋಳಿಗೆ ಪಟ್ಟಿ ಕಟ್ಟಿ ನೋಡಿ, "ನೂರ ಅರವತ್ತು" ಎಂದೆ.

"ಜಾಸ್ತಿ ಆಯ್ತಲ್ಲಮ್ಮ. ನೂರ ಮೂವತ್ತು ಬರ್ಕೋ."

"ಅಲ್ಲ ಮಾವ, ಇದೇನು ಕೊಬ್ಬರಿ ರೇಟಾ?"

"ನಿಂದೂ ಬೇಡ, ನಂದೂ ಬೇಡ, ನೂರ ನಲವತ್ತೈದು ಮಾಡ್ಕೋ. ಮಂಡಿಯೋರ್ನೆಲ್ಲ ನಿನ್ ಹತ್ರಾನೇ ಕಳಿಸ್ತೀನಿ."

ನಿಜ ಹೇಳಬೇಕೆಂದರೆ ಪೆನ್ನು ಒಂದು ಕ್ಷಣ ತಡವರಿಸಿತು. ಆದರೂ ನೂರ ಅರವತ್ತೆಂದೇ ಬರೆದು, "ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಳ್ಳಿ" ಎಂದೆ.

"ಬೇರೆ ಕಡೆ ವಿಚಾರಿಸ್ತೀನಿ ಬಿಡು!" ಎಂದು ಮುಖ ಕೆಂಪಗೆ ಮಾಡಿಕೊಂಡು ಎದುರಿನ ಕ್ಲಿನಿಕ್ಕಿಗೆ ದುಡುದುಡು ನಡೆದರು.

ಅರ್ಧ ಗಂಟೆಯಲ್ಲಿ ಮಾತ್ರೆ ಚೀಟಿ ಹಿಡಿದು ಮರಳಿದರು. "ಅಲ್ಲಿ ನೂರ ಎಪ್ಪತ್ತು ಅಂದ್ಬಿಟ್ರು. ನಿಂದೇ ವಾಸಿ ಕಣಮ್ಮ, ಅದನ್ನೇ ಬರ್ಕೋ."

ಹೆಚ್ಚಿನ ಹತ್ತು ನಮ್ಮಿಬ್ಬರ ಜಗಳದ್ದೆಂದು ನಾನು ಹೇಳಲಿಲ್ಲ. ಸಂಜೆಯೊಳಗೆ ಮಂಡಿಯವರೆಲ್ಲ ನನ್ನ ಮುಂದೆ ಸಾಲು ನಿಂತಿದ್ದರು. ಇಡೀ ಊರಿನಲ್ಲಿ ನನ್ನ ಹತ್ತಿರವೇ ಬಿಪಿ ಕಡಿಮೆಯಂತೆ!