ಹೇಮಲತಾಳ ಗಾಡಿ ಲಿಲಾವಿಗೆ ಬಿದ್ದದ್ದು

ಹೇಮಲತಾ ಎತ್ತಿದ ಕೈಯನ್ನು ಸುಮ್ಮನೆ ಇಳಿಸುವವಳಲ್ಲ. ಲಕ್ಷ್ಮೀ ನಗರದ ಇ-ರಿಕ್ಷಾ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಅವಳು ಗಾಡಿ ಹೊಡೆಯಲು ಶುರುಮಾಡಿದ ಮೊದಲ ವಾರವೇ ಒಬ್ಬ ಆಟೋದವನು, ಇಲ್ಲಿ ಹೆಂಗಸರಿಗೆ ಪಾಳಿ ಇಲ್ಲ ಎಂದು ಅವಳ ಗಾಡಿಯ ಕನ್ನಡಿ ಮುರಿದ. ಇವಳು ಇಳಿದು ಹೋಗಿ ಅವನ ಕಾಲರ್ ಹಿಡಿದು, ಅವನದೇ ಆಟೋದ ಕಂಬಿಗೆ ಅವನ ಮುಖವನ್ನು ಗುದ್ದಿಸಿದಳು. ಮೂಗಿನಿಂದ ಬಳಬಳ ರಕ್ತ. ಮರುದಿನ ಪಾಳಿಯೂ ಸಿಕ್ಕಿತು, ಹೊಸ ಕನ್ನಡಿಯೂ ಬಂತು.

ನಾನು ಪಕ್ಕದ ಮನೆಯ ಸಾವಿತ್ರೆವ್ವ. ನಾವು ಬಾಗಲಕೋಟೆ ಕಡೆಯವರು, ನನ್ನ ಗಂಡ ಇಲ್ಲಿ ಮರಾಠಿ ಸೀಮೆಯ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ನೌಕರ. ಹೇಮಲತಾ ಬೆಟಗೇರಿಯ ಕ್ರೈಸ್ತರ ಮಗಳು. ನಾವು ವಿಭೂತಿಯವರು, ಅವರು ಶಿಲುಬೆಯವರು. ಆದರೆ ಸಂಜೆಗೆ ಎರಡೂ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದೇ, ನಮ್ಮ ಗೆಳೆತನ ಶುರುವಾದದ್ದು ಹಾಗೆಯೇ.

ಅವಳ ಗಂಡ ಸುನೀಲ್ ಕಟ್ಟಡಗಳಿಗೆ ಬಣ್ಣ ಹಚ್ಚುತ್ತಿದ್ದ. ಒಂದು ದಿನ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ. ಆಪರೇಷನ್ನಿಗೆ ಮೂವತ್ತು ಸಾವಿರ ಕಡಿಮೆ ಬಿತ್ತು. ಬ್ಯಾಂಕಿನವರು ಮರಾಠಿಯಲ್ಲಿ ರಾಶಿ ಕಾಗದ ಕೇಳಿದರು. ಬಡ್ಡಿ ವ್ಯವಹಾರದ ವಾಮನ ಸೊಲ್ಲಾಪುರ ಕಡೆಯವನು, ಅಚ್ಚ ಕನ್ನಡದಲ್ಲಿ, "ನಮ್ಮ ಮಂದಿಗೆ ಕಾಗದ ಯಾಕ್ರಿ ತಂಗಿ?" ಅಂದ. ಪರವೂರಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮಗೆ ಬುದ್ಧಿ ಮಂಕಾಗುತ್ತದೆ. ಹೇಮಲತಾ ಖಾಲಿ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಿಕೊಟ್ಟು ಸಾಲ ತಂದಳು. ಅಂದಿನಿಂದ ಗಾಡಿಯ ದುಡಿಮೆಯೆಲ್ಲ ಬಡ್ಡಿಗೇ ಹೋಯಿತು, ಅಸಲು ಒಂದು ಕೂದಲಷ್ಟೂ ಕದಲಲಿಲ್ಲ. ದೀಪಾವಳಿಯ ಹೊತ್ತಿಗೆ ಗಾಡಿಯ ಬ್ಯಾಟರಿ ಸತ್ತು, ಇದ್ದ ದುಡ್ಡೆಲ್ಲ ಹೊಸದಕ್ಕೆ ಹೋಗಿ, ಬಡ್ಡಿ ನಿಂತಿತು.

ನಾತಾಳಕ್ಕೆ, ಅಂದರೆ ಅವರ ಕ್ರಿಸ್ಮಸ್ ಹಬ್ಬಕ್ಕೆ, ಇನ್ನೂ ಕೆಲವು ದಿನವಿದ್ದಾಗ ವಾಮನ ಇಬ್ಬರು ಗೂಂಡಾಗಳನ್ನು ಕಟ್ಟಿಕೊಂಡು ಬಂದ. ನಾವಿಬ್ಬರೂ ಅವಳ ಮನೆಯಲ್ಲಿ ಹಬ್ಬದ ಕರ್ಚಿಕಾಯಿ ಕರಿಯುತ್ತಿದ್ದೆವು. ಬಂದವನೇ ಸುನೀಲನ ಬಗಲಿನ ಕೋಲು ಕಸಿದು, ಅದೇ ಕೋಲಿನಿಂದ ಅವನ ಬೆನ್ನಿಗೆ ಬಾರಿಸಿದ. ಸುನೀಲ ನೆಲಕ್ಕೆ ಬಿದ್ದು, "ಯಪ್ಪಾ, ಸೊಂಟಕ್ಕ ಬ್ಯಾಡ್ರಿ" ಎಂದು ಕೈ ಮುಗಿದ. ಬಿದ್ದವನ ಹೊಟ್ಟೆಗೆ ಒಬ್ಬ ಗೂಂಡಾ ಒದ್ದ. ಹೇಮಲತಾ ಕಾದ ಎಣ್ಣೆಯಲ್ಲಿದ್ದ ಝಾರಿ ಸೌಟು ತೆಗೆದು ಆ ಒದ್ದವನ ಮುಂಗೈಗೆ ಒತ್ತಿಹಿಡಿದಳು. ಚರ್ಮ ಚುರ್ ಅಂತು. ಅವನು ಬಾಯಿ ಬಡಿದುಕೊಂಡ, ಇನ್ನೊಬ್ಬ ಇವಳ ಬಾಯಿಗೆ ಗುದ್ದಿದ. ತುಟಿ ಒಡೆಯಿತು. ನಾನು ಲಟ್ಟಣಿಗೆ ಬೀಸಿದೆ, ಯಾರಿಗೆ ತಾಗಿತೋ ಶಿವನಿಗೇ ಗೊತ್ತು.

"ರವಿವಾರ ಮೂವತ್ತು ಸಾವಿರ ನನ್ನ ಕೈಯಾಗ ಇರಬೇಕು," ವಾಮನ ಬಾಗಿಲಲ್ಲಿ ನಿಂತು ಹೇಳಿದ. "ಇಲ್ಲಾಂದ್ರ ಗಾಡಿ ನಂದು."

ಅವನ ಕಣ್ಣು ಮೊದಲಿನಿಂದಲೂ ಗಾಡಿಯ ಮೇಲೆಯೇ ಇತ್ತು. ಮಾರಿದರೆ ಲಕ್ಷದ ಹತ್ತಿರ ಬರುವ ಗಾಡಿ. ಅದು ಹೋದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಪೊಲೀಸರ ಹತ್ತಿರ ಹೋದೆವು. ಖಾಸಗಿ ವ್ಯವಹಾರ, ನೀವೇ ಬಗೆಹರಿಸಿಕೊಳ್ಳಿ ಎಂದು ಚಹಾ ಕುಡಿಯುತ್ತಾ ಹೇಳಿದರು. ಅವರ ಚಹಾಕ್ಕೆ ಬೆಂಕಿ ಹಾಕ!

ಇಲ್ಲಿ ಕನ್ನಡದ ಕ್ರೈಸ್ತರು ಒಂದು ಹಿಡಿಯಷ್ಟು ಮಂದಿ, ಹೆಚ್ಚಿನವರು ರೈಲ್ವೆಯವರು. ನಾತಾಳದ ಹಿಂದಿನ ರವಿವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಮೇಜು ಹಾಕುತ್ತಾರೆ. ಮನೆಮನೆಯಿಂದ ಕುಂಬಳಕಾಯಿ, ತತ್ತಿ, ಕೋಳಿ, ಕೇಕು ತಂದಿಡುತ್ತಾರೆ. ಆಮೇಲೆ ಲಿಲಾವು. ಕೂಗುವವರು ರಿಟೈರ್ಡ್ ರೈಲ್ವೆ ಗಾರ್ಡ್ ಗಿರಿಧರ ಕಾಕಾ. ಅವರು ತಮ್ಮ ಹಳೆಯ ಸೀಟಿ ಊದಿದರೆ ಮಾಲು ಮಾರಿದಂತೆ. ಆದರೆ ಗೆದ್ದವರು ಅದನ್ನು ಮನೆಗೆ ಒಯ್ಯುವುದಿಲ್ಲ, ದುಡ್ಡು ಕೊಟ್ಟು ಮತ್ತೆ ಮೇಜಿನ ಮೇಲೇ ಇಡುತ್ತಾರೆ. ಮತ್ತೆ ಕೂಗು, ಮತ್ತೆ ಸೀಟಿ. ಹೀಗೆ ಒಂದೇ ಕುಂಬಳಕಾಯಿ ಹತ್ತು ಸಲ ಮಾರಾಟವಾಗಿ ಕೊನೆಗೆ ಎಲ್ಲರ ಸಾಂಬಾರಿಗೆ ಬೀಳುತ್ತದೆ. ಬಂದ ಹಣ ಆ ವರ್ಷ ಕಷ್ಟದಲ್ಲಿರುವ ಒಂದು ಮನೆಗೆ. ನಾನೂ ಪ್ರತಿವರ್ಷ ಹೋಗುತ್ತೇನೆ. ಕೇಕಿಗೆ ಎಂದು ನನ್ನ ಗಂಡ ಅಣಕಿಸುತ್ತಾನೆ, ಅಣಕಿಸಲಿ.

ಈ ವರ್ಷದ ಹಣ ನಿನಗೇ ಎಂದು ಗಾರ್ಡ್ ಕಾಕಾ ಮೊದಲೇ ಬಂದು ಹೇಮಲತಾಳಿಗೆ ಹೇಳಿದ್ದರು. ಇವಳು ಸಿಡಿದೆದ್ದಳು. "ನಾ ಪ್ರತಿ ವರ್ಷಾ ಆ ಮೇಜಿಗೆ ಕೊಟ್ಟಾಕಿ ಕಾಕಾ. ಕೈ ಒಡ್ಡಾಕ ನನಗ ಆಗಂಗಿಲ್ಲ."

"ಸೊಕ್ಕಿಗೂ ಒಂದು ಮಿತಿ ಇರತೈತಿ ಹೇಮಾ!" ಎಂದು ನಾನು ಬೈದೆ. ಕೇಳಿದರೆ ತಾನೇ? ರವಿವಾರ ಒಡೆದ ತುಟಿಯಲ್ಲೇ, ಸುನೀಲನನ್ನೂ ನನ್ನನ್ನೂ ಕೂರಿಸಿಕೊಂಡು, ಮಡಿಲಲ್ಲಿ ಕರ್ಚಿಕಾಯಿ ಡಬ್ಬಿ ಇಟ್ಟುಕೊಂಡು ಚರ್ಚಿಗೆ ಗಾಡಿ ಹೊಡೆದಳು.

ಕುಂಬಳಕಾಯಿ ಇನ್ನೂ ಮೇಜಿನ ಮೇಲಿತ್ತು, ಅಷ್ಟರಲ್ಲಿ ವಾಮನ ಬಂದ. ಜೊತೆಗೆ ಕೈಗೆ ಬಟ್ಟೆ ಸುತ್ತಿಕೊಂಡವನು, ರಾಡು ಹಿಡಿದ ಇನ್ನೊಬ್ಬ. ಸೀದಾ ಗಾಡಿಯ ಹತ್ತಿರ ಹೋಗಿ ಎಳೆಯತೊಡಗಿದರು. ಹೇಮಲತಾ ಓಡಿ ಅಡ್ಡ ನಿಂತಳು. ರಾಡಿನವನು ಅವಳ ಭುಜಕ್ಕೆ ಹಾಕಿದ. ಅವಳು ಕುಸಿದು, ಎದ್ದು, ಚಾವಿಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡು ಜನರ ನಡುವೆ ನುಗ್ಗಿ ಬಂದು ಅದನ್ನು ಮೇಜಿನ ಮೇಲೆ ಕುಕ್ಕಿದಳು.

"ಈ ಸೂಳಿಮಗಗ ಕೊಡೂಕಿಂತ ದೇವರಿಗೆ ಕೊಡ್ತೀನಿ! ಕಾಕಾ, ನನ್ನ ಗಾಡಿ ಕೂಗ್ರಿ."

ಎಲ್ಲರೂ ಕಂಗಾಲಾದರು. ಗಾರ್ಡ್ ಕಾಕಾ ಬಾಯಿ ತೆರೆಯುವ ಮೊದಲೇ ವಾಮನ ನಕ್ಕ.

"ಬರೋಬರ್! ನಾನೂ ಕೂಗಬಹುದಲ್ಲ? ಹತ್ತು ಸಾವಿರ."

ಹೊರಗಿನವನು ಕೂಗಬಾರದು ಎಂದು ಎಲ್ಲಿಯೂ ನಿಯಮವಿರಲಿಲ್ಲ, ಅಂಥದು ಯಾರ ತಲೆಗೂ ಹೊಳೆದಿರಲಿಲ್ಲ. ಸೀಟಿ ಊದಿದರೆ ಗಾಡಿ ಅವನದು. ಅವನೇನು ಅದನ್ನು ಮೇಜಿನ ಮೇಲೆ ಮತ್ತೆ ಇಡುತ್ತಾನೆಯೇ? ಚೂರಿಯನ್ನು ತಾನೇ ಅವನ ಕೈಗೆ ಕೊಟ್ಟಳಲ್ಲ ಈ ಹುಚ್ಚಿ ಎಂದು ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಕಿರುಚಿದೆ: "ಹನ್ನೊಂದು!"

ನನ್ನ ಪರ್ಸಿನಲ್ಲಿ ಬಸ್ಸಿನ ದುಡ್ಡಿತ್ತು, ಅಷ್ಟೇ.

"ಹದಿನೈದು," ವಾಮನ ಅಂದ.

"ಹದಿನಾರು," ಧರಮಪೇಠದ ದವಾಖಾನೆಯ ನರ್ಸ್ ಒಬ್ಬಳು. "ಹದಿನೆಂಟು," ಹಿಂದಿನಿಂದ ಯಾರೋ. ವಾಮನ ಇಪ್ಪತ್ತೈದಕ್ಕೆ ಹಾರಿದ. ಸುನೀಲ್ ಕುರ್ಚಿಯಲ್ಲಿ ತಲೆ ತಗ್ಗಿಸಿ ಅಳುತ್ತಿದ್ದ. ಗಾರ್ಡ್ ಕಾಕಾ ಸೀಟಿಯನ್ನು ತುಟಿಗೆ ಒಯ್ದು, ಮತ್ತೆ ಇಳಿಸಿ, ಕಿಸೆಯಿಂದ ತಮ್ಮ ಪೆನ್ಶನ್ನಿನ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ಚರ್ಚಿನ ಸಭೆಯ ಪರವಾಗಿ ಮೂವತ್ತೈದು," ಅಂದರು. "ಕಡಿಮೆ ಬಿದ್ದದ್ದನ್ನ ನೀವು ತುಂಬ್ರಿ."

ಜನ ಎದ್ದರು. ನರ್ಸ್ ಸಂಬಳದಿಂದ ತೆಗೆದಿಟ್ಟದ್ದನ್ನು ಇಟ್ಟಳು. ನಾನು ಕಿವಿಯ ಬೆಂಡೋಲೆ ಬಿಚ್ಚಿಟ್ಟೆ. ಆಗ ವಾಮನನ ಮುಖ ಕಪ್ಪಾಯಿತು. ಕಾಕಾ ಸೀಟಿಯನ್ನು ಬಾಯಿಗಿಡುತ್ತಿದ್ದಂತೆ ಅವನು ಕಿರುಚಿದ, ರಾಡಿನವನು ಮೇಜಿಗೆ ಬಾರಿಸಿದ. ಕುಂಬಳಕಾಯಿ ಹೋಳಾಗಿ ಹಾರಿತು, ಕೋಳಿ ಅರಚುತ್ತಾ ಜನರ ತಲೆಯ ಮೇಲೆ ಹಾರಿತು. ಹೇಮಲತಾ ಎಡಗೈಯಿಂದಲೇ ಕುಂಬಳದ ಹೋಳು ಎತ್ತಿ ವಾಮನನ ಮುಖಕ್ಕೆ ಅಪ್ಪಳಿಸಿದಳು. ಅವನು ಅವಳ ಜಡೆ ಹಿಡಿದು ಎಳೆದ, ಅವಳು ಅವನ ಮುಂಗೈ ಕಚ್ಚಿದಳು, ಬಾಯಿ ರಕ್ತವಾಗುವವರೆಗೂ ಬಿಡಲಿಲ್ಲ. ಸಭೆಯ ರೈಲ್ವೆ ಗ್ಯಾಂಗ್‌ಮನ್ನರು ರಾಡು ಕಸಿದುಕೊಂಡು ಆ ಇಬ್ಬರನ್ನೂ ಬೇವಿನ ಬುಡಕ್ಕೆ ಕೆಡವಿ ತುಳಿದರು. ನಾನು ನನ್ನ ಚಪ್ಪಲಿಯಿಂದ ಎಷ್ಟು ಹೊಡೆದೆನೋ, ಹೊಡೆದೆ. ಸುಖವಾಯಿತು, ಸುಳ್ಳೇಕೆ ಹೇಳಲಿ?

ಆ ಗದ್ದಲದೊಳಗೇ ಕಾಕಾ ಉದ್ದನೆಯ ಸೀಟಿ ಊದಿದರು. ಗಾಡಿ ಸಭೆಯದಾಯಿತು.

ಸಭೆಯವರು ಕೂಡಿದ ದುಡ್ಡಿನಿಂದ ಮೂವತ್ತು ಸಾವಿರವನ್ನು ವಾಮನನ ಕೈಗಿಟ್ಟು, ಸಹಿಯ ಸ್ಟ್ಯಾಂಪ್ ಪೇಪರನ್ನು ಅವನ ಕಿಸೆಯಿಂದಲೇ ಕಿತ್ತು ಎಲ್ಲರ ಮುಂದೆ ಸುಟ್ಟರು. ಅವನು ರಕ್ತ ಒರೆಸಿಕೊಳ್ಳುತ್ತಾ ಹೋದ. ಹೋಗುವಾಗ ಕನ್ನಡದಲ್ಲೇ ಬೈದ.

ಕಾಕಾ ಚಾವಿಯನ್ನು ಹೇಮಲತಾಳ ಕೈಗೆ ಕೊಡಲು ಹೋದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆ ಹೊತ್ತಿನಲ್ಲೂ! ಕಾಕಾ ಕಾಲು ಮುರಿದ ಮೇಜನ್ನು ಎತ್ತಿ ಬೇವಿನ ಮರಕ್ಕೆ ಆನಿಸಿ ನಿಲ್ಲಿಸಿ, ಚಾವಿಯನ್ನು ವಾಡಿಕೆಯಂತೆ ಮತ್ತೆ ಅದರ ಮೇಲಿಟ್ಟರು.

"ಕೂಗ್ರಿ," ಅಂದರು. "ಗಾಡಿಗೆ ಯಾರು ಎಷ್ಟು ಕೊಡ್ತೀರಿ?"

ಯಾರೂ ಉಸಿರೆತ್ತಲಿಲ್ಲ. ಒಬ್ಬರೂ.

"ಯಾರೂ ಇಲ್ಲೇನು?"

ಹೇಮಲತಾ ಭುಜ ಹಿಡಿದುಕೊಂಡು ಮುಂದೆ ಬಂದಳು. "ಒಂದು ರೂಪಾಯಿ," ಅಂದಳು.

ಅವಳ ಹತ್ತಿರ ಆ ಒಂದು ರೂಪಾಯಿಯೂ ಇರಲಿಲ್ಲ. ಸುನೀಲ್ ಕೋಲೂರಿ ಎದ್ದು, ಅಂಗಿಯ ಕಿಸೆ ತಡಕಿ, ನಾಣ್ಯ ತೆಗೆದು ಮೇಜಿನ ಮೇಲಿಟ್ಟ. ಕಾಕಾ ಸೀಟಿ ಊದಿದರು. ಅಷ್ಟು ಪೆಟ್ಟು ತಿಂದರೂ ಒಂದು ಹನಿ ಕಣ್ಣೀರು ಹಾಕದಿದ್ದವಳು, ಚಾವಿಯನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಕೂತು ಹೋ ಎಂದು ಅತ್ತಳು.